ಬೈಯಪ್ಪನಹಳ್ಳಿಯಲ್ಲಿ ನಮ್ಮ ಜೋಳ

ಜೀವನ್ ಬಿಮಾ ನಗರದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿದ ವಾರವೇ ಅಲ್ಲೇ ಹತ್ತಿರ ಒಂದು ಬಾಡಿಗೆ ಮನೆ ನೋಡಿ ಬಂದಿದ್ದೆ. ಅದಕ್ಕೊಂದು ಕಿಟಕಿ ಇತ್ತು, ಕಿಟಕಿಯ ಕೆಳಗೆ ಮೇಜು ಹಾಕುವಷ್ಟು ಜಾಗ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅದನ್ನೂ ಬೈಯಪ್ಪನಹಳ್ಳಿಯ ಕಿಟಕಿಯಿಲ್ಲದ ಒಂದೇ ರೂಮಿನ ಮನೆಗಳಲ್ಲಿ, ಬಲ್ಬಿನ ಬೆಳಕಲ್ಲಿ, ಒಗ್ಗರಣೆ ಹೊಗೆಗೆ ಕೆಮ್ಮುತ್ತಾ ಮಾಡಿದ್ದೆ. ಆ ಕಿಟಕಿ ನನಗೆ ಬೇಕೇಬೇಕಿತ್ತು.

ಮನೆ ಬದಲಿಸುವುದು ನಮಗೆ ಹೊಸದಲ್ಲ. ರಾಯಚೂರು ಕಡೆಯಿಂದ ಬಂದ ಮೇಲೆ, ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿಯಿತೋ, ಗಂಟುಮೂಟೆ ಕಟ್ಟಿದೆವು. ಗಾರೆ ಕೆಲಸದ ಅಪ್ಪ ಬೆಳಿಗ್ಗೆ ಸರ್ಕಲ್ಲಿನಲ್ಲಿ ನಿಂತು ಅವತ್ತು ಸಿಕ್ಕ ಕೆಲಸ ಹಿಡಿಯುತ್ತಿದ್ದ. ಅವ್ವ ರೈಲು ಹಳಿಯ ಬದಿಯಲ್ಲಿ ಸಿಕ್ಕ ಸೊಪ್ಪು ಕಿತ್ತು ತರುತ್ತಿದ್ದಳು. ಆರನೇ ಕ್ಲಾಸಿಗೆ ಆದಿಮಾನವರ ಪಾಠ ಮಾಡುವಾಗ, ಅವರು ಆಹಾರ ಹುಡುಕುತ್ತಾ ಅಲೆಯುತ್ತಿದ್ದರು ಎನ್ನಲು ನಾನು ಪುಸ್ತಕ ನೋಡಬೇಕಾಗಲಿಲ್ಲ.

ಆ ಮಳೆಗಾಲದಲ್ಲಿ ಅವ್ವ ಒಂದು ಎಡವಟ್ಟು ಮಾಡಿದಳು. ಊರಿಂದ ಬಂದ ಜೋಳವನ್ನು ಮೊರದಲ್ಲಿ ಕೇರಿ, ಕಸವನ್ನು ಪಕ್ಕದ ಖಾಲಿ ಸೈಟಿನ ಮಣ್ಣುಗುಡ್ಡೆಗೆ ಎಸೆಯುತ್ತಿದ್ದಳು. ಒಂದು ಬೆಳಿಗ್ಗೆ ನೋಡಿದರೆ ಗುಡ್ಡೆಯ ತುಂಬ ಹಸಿರು! ಬೇಸಾಯ ಹುಟ್ಟಿದ್ದೂ ಹೀಗೇ ಇರಬಹುದಂತೆ: ಗುಡಿಸಲ ಪಕ್ಕ ಚೆಲ್ಲಿದ ಕಾಳು ಮೊಳೆಯಿತು, ಯಾರೋ ಕಂಡರು. ನಾನು ಕುಣಿದಾಡಿಬಿಟ್ಟೆ. ಫೋಟೊ ತೆಗೆದು ಇಡೀ ಕ್ಲಾಸಿಗೆ ತೋರಿಸಿದೆ. ಬೇಸಾಯ ಬಂದರೆ ಅಲೆದಾಟ ನಿಲ್ಲುತ್ತದೆ ಎಂಬುದು ಪಾಠದ ಮುಂದಿನ ಪುಟದಲ್ಲೇ ಇತ್ತು. ನಮ್ಮ ಮನೆಗೂ ಅದು ಅನ್ವಯಿಸುತ್ತದೆಂದು ನನಗೆ ಹೊಳೆಯಲಿಲ್ಲ.

"ತೆನಿ ಆಗೂತನ ನಾ ಎಲ್ಲಿಗೂ ಬರಂಗಿಲ್ಲ ನೋಡು" ಎಂದಳು ಅವ್ವ.

"ಅವ್ವ, ನನ್ನ ಕಿಟಕಿ!"

"ಕಿಡಕಿಗೇನ ರೆಕ್ಕಿ ಬಂದಾವೇನ ಹಾರಿಹೋಗಾಕ? ಹಕ್ಕಿಗೆ ಅದಾವು. ಜ್ವಾಳ ಯಾರು ಕಾಯ್ಬೇಕು?"

ಕಿಟಕಿ ಇದ್ದ ಆ ಮನೆಯ ಮಾಲೀಕರಿಗೆ ಫೋನು ಮಾಡಿ, ದಸರಾ ಕಳೆಯಲಿ ಎಂದೆ.

"ಅಷ್ಟು ದಿನ ಏನಮ್ಮಾ ಕೆಲ್ಸ?"

"ಹೊಲ ಇದೆ ಸಾರ್" ಎಂದುಬಿಟ್ಟೆ. ಫೋನಿಟ್ಟು ನಕ್ಕಿದ್ದೇ ನಕ್ಕಿದ್ದು.

ಹೊಲ ನಮ್ಮನ್ನು ಕಟ್ಟಿಹಾಕಿತು. ಬೀದಿ ದನಗಳಿಗೆ ಹೆದರಿ ಅಪ್ಪ ಹಳೇ ಬಾಗಿಲುಗಳ ಬೇಲಿ ಹಾಕಿದ. ನೆಂಟರ ಮದುವೆಗೆ ಅವ್ವ ಹೋಗಲಿಲ್ಲ. ಸೈಟು ಮಹಡಿ ಮೇಲಿನ ಓನರ್ ಆಂಟಿಯದು. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವರು, ನೀರಿನ ಮೋಟರು ಬಿಟ್ಟು ಬೇರೆ ಮಾತು ನಮ್ಮೊಡನೆ ಆಡಿದವರಲ್ಲ. ಅವರು ಒಂದು ದಿನ ಬಾಲ್ಕನಿಯಿಂದ ಬಗ್ಗಿದರು.

"ಏ ಅಮ್ಮಾ, ಇದು ಕಬ್ಬಾ?"

"ಜ್ವಾಳರೀ ಅಕ್ಕೋರ."

"ಅರೇ, ರೊಟ್ಟಿದಾ?"

ಆಮೇಲೆ ಆಂಟಿಯನ್ನು ಹಿಡಿಯುವವರೇ ಇಲ್ಲ. ಪಾರಿವಾಳ ಕಂಡರೆ ಸಾಕು, ಬಾಲ್ಕನಿಯಲ್ಲಿ ಸ್ಟೀಲ್ ತಟ್ಟೆ ಢಣಢಣ! "ನೀನ್ ಸ್ಕೂಲಿಗೆ ಹೋಗು ಬೇಟಾ, ನಾನ್ ಇದೀನಿ!"

ದಸರಾ ಕಳೆದು ಕಾಳು ಹಾಲುಗಟ್ಟಿತು. ಭಾನುವಾರ ಅಪ್ಪ ಸೈಟಿನಲ್ಲೇ ಕೆಂಡ ಮಾಡಿ ಎಳೆ ತೆನೆ ಸುಟ್ಟ. ಅವ್ವ ಬಿಸಿಬಿಸಿಯಾಗಿ ಉಜ್ಜಿ ಕಾಳುದುರಿಸಿದಳು. ನಮ್ಮ ಕಡೆ ಇದಕ್ಕೆ ಸೀತನಿ ಅಂತೀವಿ. ಶೇಂಗಾ ಚಟ್ನಿಪುಡಿ ಬೆರೆಸಿ ಬಾಯಿಗೆ ಹಾಕಿಕೊಂಡರೆ, ಅಯ್ಯೋ! ಅಷ್ಟರಲ್ಲಿ ಆ ಮನೆಯ ಮಾಲೀಕರ ಫೋನು ಬಂತು.

"ಇವತ್ತೇ ಹೇಳ್ಬಿಡಮ್ಮಾ. ಬೇರೆಯವ್ರು ಅಡ್ವಾನ್ಸ್ ಹಿಡ್ಕೊಂಡು ನಿಂತವ್ರೆ."

"ಯಾರು ಅದು?" ಎಂದರು ಸೀತನಿ ತಿನ್ನಲು ಕೆಳಗಿಳಿದು ಬಂದಿದ್ದ ಆಂಟಿ. ಹೇಳಿದೆ. ಕಿಟಕಿಯ ವಿಷಯವನ್ನೂ ಹೇಳಿದೆ.

"ಅಷ್ಟೇನಾ? ಗೋಡೆ ನಂದು. ಗಾರೆ ಕೆಲ್ಸ ನಿಮ್ಮಪ್ಪಂದು. ಒಡೀರಿ!"

ಅಪ್ಪ ಆಗಲೇ ಎದ್ದು ಗೋಡೆಗೆ ಗೇಣು ಹಾಕುತ್ತಿದ್ದ. ನಾನು ಬಾಯಿತುಂಬ ಸೀತನಿ ತುಂಬಿಕೊಂಡೇ ಫೋನಿಗೆ ಹೇಳಿದೆ: "ಅವ್ರಿಗೇ ಕೊಟ್ಬಿಡಿ ಸಾರ್!"

ಮುಂದಿನ ಭಾನುವಾರ ಗೋಡೆಗೆ ಸುತ್ತಿಗೆ ಬಿತ್ತು. ತೂತು ಕೊಂಚ ಸೊಟ್ಟಗಾಯಿತು. ಆದರೂ ಬೆಳಕು ದಬದಬ ಒಳಗೆ ಸುರಿಯಿತು. ನಾನು ಧೂಳಲ್ಲೇ ಮೇಜು ಎಳೆದು ಕೂತೆ. ಹೊರಗಿನಿಂದ ಅವ್ವ ಕೂಗಿದಳು: "ಇಟ್ಟಂಗಿ ಈ ಕಡಿ ಕೆಡವಬ್ಯಾಡ್ರಿ, ಬೀಜದ ತೆನಿ ಇನ್ನೂ ನಿಂತಾವು!"