ಉಸುಕು ತಿನ್ನುವ ಮೀನಿಗೊಂದು ಬೋಗುಣಿ

ನಮ್ಮ ಮನೆಯ ಮೀನು ಬದುಕಿತು. ಹೊಟ್ಟೆ ಒಳಗೆ ಹೋಗಿ ಹಪ್ಪಳದಂತಾಗಿದ್ದ ಮೀನು ನಿನ್ನೆ ಬೆಳಿಗ್ಗೆ ನೋಡಿದರೆ ದುಂಡಗಾಗಿದೆ. ಹವಳವೂ ಅರಳಿದೆ. ಇನ್ನು ಗಾಜಿನ ತೊಟ್ಟಿ ನಮ್ಮ ಮನೆ ಬಿಟ್ಟು ಹೋಗುವುದಿಲ್ಲ. ನಾನು ಮೂರನೆಯ ಇಯತ್ತೆಯವರೆಗೆ ಕಲಿತವಳು, ಬರೆಯುವುದು ರೂಢಿ ಇಲ್ಲ. ಆದರೆ ಈ ಸಂತೋಷ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಮೊಮ್ಮಗಳ ಹಳೆಯ ನೋಟುಬುಕ್ಕು ತೆಗೆದುಕೊಂಡು ಕುಳಿತಿದ್ದೇನೆ.

ಮೊಮ್ಮಗಳು ಗದಗಿನ ಕಾಲೇಜಿಗೆ ಹೋಗುತ್ತಾಳೆ. ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಆಕೆ ಒಂದು ಸಮುದ್ರ ಮಾಡಿದ್ದಾಳೆ. ಪೊಟ್ಟಣದ ಉಪ್ಪನ್ನು ತೂಗಿ ನೀರಿಗೆ ಕಲಸಿ, ಹುಬ್ಬಳ್ಳಿಯಿಂದ ಮೀನು ತಂದು, ಹವಳದ ತುಂಡುಗಳನ್ನು ಕಲ್ಲಿಗೆ ಅಂಟಿಸಿ ಬೆಳೆಸುತ್ತಾಳೆ. ನನಗೆ ಹವಳವೆಂದರೆ ತಾಳಿಯ ಸರದ ಕೆಂಪು ಮಣಿ. ಅದಕ್ಕೆ ಜೀವವಿದೆ, ಅದು ಬಾಯಿ ತೆರೆಯುತ್ತದೆ ಎಂದು ಈ ವಯಸ್ಸಿನಲ್ಲಿ ತಿಳಿಯಿತು. ಸಮುದ್ರವನ್ನು ನಾನು ಕಣ್ಣಿಂದ ನೋಡಿದವಳಲ್ಲ. ಅದು ನನ್ನ ಬಾಗಿಲಿಗೇ ಬಂತಲ್ಲ ಎಂದು ಎಷ್ಟು ಸಲ ಕೈ ಮುಗಿದಿದ್ದೇನೋ.

ತೊಟ್ಟಿ ಬಂದ ಹೊಸದರಲ್ಲಿ ಅದರ ತಳಕ್ಕೆ ಏನು ಹಾಸುವುದು ಎಂಬುದೇ ಆಕೆಯ ಚಿಂತೆ. ನನ್ನನ್ನೂ ಕೂಡಿಸಿಕೊಂಡು ಬಿಡಿಸಿ ಹೇಳಿದಳು. ನಾಲ್ಕು ಬೆರಳಿಗಿಂತ ದಪ್ಪ ಉಸುಕು ಹಾಸುವವರಿದ್ದಾರೆ, ಅದರ ಆಳದಲ್ಲಿ ಕಣ್ಣಿಗೆ ಕಾಣದ ಜೀವಗಳು ಬೆಳೆದು ಹೊಲಸು ತಿಂದು ನೀರನ್ನು ಚೊಕ್ಕ ಮಾಡುತ್ತವೆ. ಒಂದು ಬೆರಳಷ್ಟು ತೆಳ್ಳಗೆ ಹಾಸುವವರಿದ್ದಾರೆ, ನೋಡಲಿಕ್ಕೆ ಚೆಂದ. ಏನೂ ಹಾಸದೆ ಬರಿ ಗಾಜು ಬಿಡುವವರೂ ಇದ್ದಾರೆ, ಹೊಲಸು ಕೂತರೆ ಕಾಣುತ್ತದೆ, ಕೊಳವೆಯಿಂದ ಎಳೆದು ತೆಗೆಯಬಹುದು. ಆಕೆ ನಿರ್ಧಾರ ಮಾಡಲಾರದೆ, ಸದ್ಯಕ್ಕೆ ಬರಿ ಗಾಜಿನ ಮೇಲೆಯೇ ಮೀನು, ಹವಳ ಬಿಟ್ಟಿದ್ದಳು. ಅವುಗಳಲ್ಲಿ ಆಗಷ್ಟೇ ತಂದ ಒಂದು ಮೀನಿಗೆ ಉಸುಕನ್ನು ಬಾಯಿ ತುಂಬ ಮುಕ್ಕುವ ಚಾಳಿ. ಅದರೊಳಗಿನ ಸಣ್ಣ ಹುಳ ತಿಂದು, ಉಸುಕನ್ನು ಕಿವಿರಿನಿಂದ ಉದುರಿಸುತ್ತದೆ.

ತಪ್ಪು ಮಾಡಿದವಳು ನಾನು. ನನ್ನ ತವರು ಹಮ್ಮಿಗಿ, ತುಂಗಭದ್ರೆಯ ದಂಡೆ. ನಮ್ಮಲ್ಲಿ ಕುಡಿಯುವ ನೀರಿನ ಮಣ್ಣಿನ ಹರವಿಯನ್ನು ಹೊಳೆಯ ಉಸುಕಿನ ಮೇಲೆ ಕೂಡಿಸುತ್ತಿದ್ದೆವು. ಉಸುಕು ತಂಪು ಹಿಡಿಯುತ್ತದೆ, ನೀರು ರುಚಿಯಾಗುತ್ತದೆ. ನೀರೆಂದ ಮೇಲೆ ಹೊಳೆಯ ಉಸುಕು ಬೇಕೇ ಬೇಕು ಎಂಬುದು ನನ್ನ ತಲೆಯಲ್ಲಿ ಬೇರು ಬಿಟ್ಟಿತ್ತು. ತಮ್ಮನಿಗೆ ಫೋನು ಮಾಡಿಸಿ ಒಂದು ಚೀಲ ತರಿಸಿದೆ. ಮೊಮ್ಮಗಳು ಗೆಳತಿಯ ನಿಶ್ಚಿತಾರ್ಥಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋದ ದಿನ ಜರಡಿ ಹಿಡಿದು, ಏಳು ನೀರಿನಲ್ಲಿ ತೊಳೆದು, ಸೊಸೆಗೂ ಹೇಳದೆ ತೊಟ್ಟಿಯ ತಳದ ತುಂಬ ಸುರುವಿದೆ. ಬಂದು ನೋಡಿ ಹಿಗ್ಗಲಿ ಎಂಬ ಆಸೆ.

ನೀರು ಮಜ್ಜಿಗೆಯಂತಾಯಿತು. ಮರುದಿನ ಒಂದು ಸಣ್ಣ ನೀಲಿ ಮೀನು ಸತ್ತಿತು. ಎರಡು ವಾರದಲ್ಲಿ ಉಸುಕಿನ ಮೇಲೆ ತುಕ್ಕಿನಂಥ ಪದರು ಕಟ್ಟಿ, ಹವಳ ಮುಚ್ಚಿಕೊಂಡಿತು. ಮೊಮ್ಮಗಳು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಮಗನೇ ಆಕೆಗೆ ಹೇಳಿದ: "ನೋಡವ್ವಾ, ನಮ್ಮ ಚೈನಿಗಂತ ಜೀವ ತಂದು ಮನ್ಯಾಗ ಸಾಯಿಸೂದು ನನಗ ಸೇರಂಗಿಲ್ಲ. ಇನ್ನೊಂದು ಸತ್ತರ ಈ ತೊಟ್ಟಿ ತಂದಲ್ಲೇ ವಾಪಸ್."

ಆತ ಕೆಟ್ಟವನಲ್ಲ, ಇರುವೆ ಸಾಲು ಕಂಡರೂ ದಾಟಿ ಹೋಗುವವನು. ಅದಕ್ಕೇ ಆ ಮಾತಿಗೆ ಎದುರು ಹೇಳುವುದು ಕಷ್ಟ.

ಮೊಮ್ಮಗಳು ದಿನಕ್ಕಿಷ್ಟೆಂದು ಕೊಳವೆಯಿಂದ ಉಸುಕನ್ನೆಲ್ಲ ಎಳೆದು ತೆಗೆದಳು. ಮತ್ತೆ ಬರಿ ಗಾಜು ಕಂಡಿತು, ಹವಳ ಒಂದೊಂದಾಗಿ ಬಾಯಿ ಬಿಟ್ಟಿತು. ಆದರೆ ಉಸುಕು ತಿನ್ನುವ ಮೀನು ಸೊರಗತೊಡಗಿತು. ಮೇಲಿನಿಂದ ಹಾಕಿದ ಆಹಾರ ಮುಟ್ಟದು. ಬರಿ ಗಾಜಿಗೆ ಬಾಯಿ ಹಚ್ಚಿ ಹಚ್ಚಿ ನೋಡುವುದು. ಅದನ್ನು ಕಾಣಬಾರದೆಂದು ನಾನು ತಾಟು ಹಿಡಿದು ಅಡುಗೆಮನೆಗೆ ಹೋಗಿ ಉಣ್ಣುತ್ತಿದ್ದೆ.

ಒಂದು ಮಧ್ಯಾಹ್ನ ಮೊಮ್ಮಗಳು ನನ್ನ ಹತ್ತಿರ ಬಂದು ಕುಳಿತಳು. "ಆಯಿ, ಉಸುಕು ಹಾಕಿದ್ರ ಹೊಲಸು ಕೂತು ಹವಳಕ್ಕ ತ್ರಾಸು, ಹಾಕದಿದ್ರ ಈ ಮೀನಕ್ಕ ಉಪಾಸ. ನೀನ ಹೇಳು, ಏನ ಮಾಡ್ಲಿ?"

"ನನ್ನ ಕೇಳ್ತಿಯೇನ? ಎಲ್ಲಾ ಕೆಡಿಸಿದಾಕಿನ ನಾನು."

"ಉಸುಕಿನ ಮ್ಯಾಲ ನೀರು ಇಟ್ಟು ಬಾಳೇ ಮಾಡಿದಾಕಿ ಈ ಮನ್ಯಾಗ ನೀನೊಬ್ಬಾಕಿನ. ಮತ್ಯಾರನ್ನ ಕೇಳ್ಲಿ?"

ನನ್ನ ಕಣ್ಣು ತುಂಬಿತು. ತಪ್ಪು ಮಾಡಿದ ಮುದುಕಿಯನ್ನು ಕರೆದು ಸಲಹೆ ಕೇಳುವ ಮಕ್ಕಳು ಎಷ್ಟು ಮನೆಯಲ್ಲಿ ಇರುತ್ತಾರೆ? ಹರವಿಯ ವಿಚಾರ ಮತ್ತೊಮ್ಮೆ ನೆನೆಸಿಕೊಂಡೆ. ನಾನು ಅರ್ಧವನ್ನಷ್ಟೇ ನೆನಪಿಟ್ಟಿದ್ದೆ.

"ಮನಿ ತುಂಬ ಉಸುಕು ಯಾರ ಹಾಸ್ತಿದ್ರ? ಹರವಿ ಬುಡಕ ಹಿಟ್ಟು ನಾದೂ ಒಂದು ಪರಾತದಾಗ ಹಾಕ್ತಿದ್ವಿ. ವಾಸನಿ ಹೊಡದ್ರ ಅದೊಂದನ್ನ ಎತ್ತಿ, ತೊಳದು, ಬಿಸಲಿಗೆ ಹಾಕ್ತಿದ್ವಿ. ಮೀನಕ್ಕೂ ಹಂಗ ಒಂದು ಪರಾತ ಇಟ್ರ ಹ್ಯಾಂಗ?"

ಆಕೆ ನನ್ನ ಎರಡೂ ಕೈ ಹಿಡಿದು ನಕ್ಕಳು.

ಪರಾತ ಆಗದು, ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ ಎಂದಳು. ನಮ್ಮ ಮಾತು ಕೇಳಿಸಿಕೊಂಡ ಸೊಸೆ ಮದುವೆಯಲ್ಲಿ ಉಡುಗೊರೆ ಬಂದ ಅಗಲವಾದ ಗಾಜಿನ ಬೋಗುಣಿ ತಂದಿಟ್ಟಳು. ಇಪ್ಪತ್ತು ವರ್ಷ ಶೋಕೇಸಿನಿಂದ ಕೆಳಗೆ ಇಳಿಸದ ಬೋಗುಣಿ ಅದು. ಆಕೆಯ ಋಣ ನಾನು ಹೇಗೆ ತೀರಿಸಲಿ?

ಇನ್ನು ಯಾವ ಉಸುಕು? ಹೊಳೆಯದು ಈ ಉಪ್ಪುನೀರಿಗೆ ಒಗ್ಗದು, ಚಿಪ್ಪು, ಹವಳದ ಪುಡಿಯ ಸುಣ್ಣದ ಜಾತಿಯದು ಬೇಕು ಎಂದು ಮೊಮ್ಮಗಳು ಹುಬ್ಬಳ್ಳಿಯಿಂದ ಒಂದು ಪೊಟ್ಟಣ ತಂದಳು. ಸುಣ್ಣದ ಜಾತಿ ಹೌದೋ ಅಲ್ಲವೋ ನೋಡುವುದು ನನಗೆ ಗೊತ್ತಿತ್ತು. ಸಣ್ಣವರಿದ್ದಾಗ ಎರೆ ಹೊಲದಲ್ಲಿ ಸಿಗುವ ಸುಣ್ಣದ ಹರಳಿನ ಮೇಲೆ ಲಿಂಬೆಹಣ್ಣು ಹಿಂಡಿ ನೊರೆ ಬರಿಸಿ ಆಡುತ್ತಿದ್ದೆವು. ಒಂದು ತಾಟಿನಲ್ಲಿ ಅದನ್ನು, ಇನ್ನೊಂದರಲ್ಲಿ ಚೀಲದಲ್ಲಿ ಉಳಿದಿದ್ದ ಹೊಳೆಯ ಉಸುಕನ್ನು ಹಾಕಿ ಲಿಂಬೆ ಹಿಂಡಿದೆ. ಪೊಟ್ಟಣದ್ದು ಚುರುಚುರು ಎಂದು ಗುಳ್ಳೆ ಎಬ್ಬಿಸಿತು. ನನ್ನ ತವರಿನದು ಸುಮ್ಮನೆ ಇತ್ತು. ಸ್ವಲ್ಪ ನೋವಾಯಿತು, ಖರೆ ಹೇಳುತ್ತೇನೆ. ಆದರೂ ಅದನ್ನು ಎತ್ತಿ ಹಿತ್ತಲ ಗಿಡಕ್ಕೆ ಹಾಕಿದೆ.

ಹೊಸ ಉಸುಕನ್ನು ತೊಳೆದು, ಬೋಗುಣಿಯಲ್ಲಿ ಎರಡು ಬೆರಳು ಹಾಸಿ, ಅಲುಗಾಡಿಸದೆ ತಳಕ್ಕೆ ಇಳಿಸಿದೆವು. ಉಸುಕಿನಲ್ಲಿ ಅದಕ್ಕೆ ತಿನ್ನಲು ಸಿಗಲೆಂದು ಮೊಮ್ಮಗಳು ಸಣ್ಣ ಆಹಾರವನ್ನು ಕೊಳವೆಯಿಂದ ಅದರೊಳಗೇ ಬಿಡುತ್ತಿದ್ದಳು. ಮೊದಲ ದಿನ ಮೀನು ಸುತ್ತ ಸುಳಿಯಿತು, ಒಳಗೆ ಹೋಗಲಿಲ್ಲ. ಎರಡನೆಯ ದಿನವೂ ಇಲ್ಲ. ಮಗ ಅಂಗಡಿಗೆ ಹೋಗುವಾಗ ಒಮ್ಮೆ ಬಗ್ಗಿ ನೋಡಿ ಹೋಗುತ್ತಿದ್ದ. ಮೂರನೆಯ ದಿನ ಅದು ಬೋಗುಣಿಗೆ ಇಳಿದು ಬಾಯಿ ತುಂಬ ಮುಕ್ಕಿತು. ಕಿವಿರಿನಿಂದ ಉಸುಕು ಹಿಟ್ಟಿನಂತೆ ಉದುರಿತು. ಅಲ್ಲಿಂದ ಬಿಡಲೇ ಇಲ್ಲ. ಎರಡು ವಾರ ಕಳೆದು ನಿನ್ನೆ ನೋಡಿದರೆ ಆ ದುಂಡು ಹೊಟ್ಟೆ.

ನಿನ್ನೆ ಸಂಜೆ ಮಗ ಅಂಗಡಿ ಜಲ್ದಿ ಮುಚ್ಚಿ ಬಂದ. ಸೊಸೆ ಗೋಧಿ ಹುಗ್ಗಿ, ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ದಿನಾ ಒಬ್ಬೊಬ್ಬರೇ ಉಣ್ಣುವ ನಾವು ನಾಲ್ವರೂ ಪಡಸಾಲೆಯಲ್ಲಿ ಸಾಲಾಗಿ ಕುಳಿತೆವು. ಮಗ ಉಣ್ಣುತ್ತ ಉಣ್ಣುತ್ತ ತೊಟ್ಟಿಯ ಕಡೆ ನೋಡಿ ಮಗಳಿಗೆ ಅಂದ: "ಆ ಬೋಗುಣಿ ಸಣ್ಣದಾತು. ಅದಕ್ಕ ಹೊರಳಾಡಾಕ ಜಾಗಾ ಸಾಲಂಗಿಲ್ಲ. ರವಿವಾರ ಇಬ್ರೂ ಹುಬ್ಬಳ್ಳಿಗೆ ಹೋಗಿ ದೊಡ್ಡದೊಂದು ತರೂಣು."

ಮೊಮ್ಮಗಳು ತಲೆ ಎತ್ತಲಿಲ್ಲ, ಹುಗ್ಗಿಯ ಮೇಲೆ ಕಣ್ಣೀರು ಬಿತ್ತು. ಸೊಸೆ ಆಕೆಯ ತಾಟಿಗೆ ಇನ್ನೊಂದು ಸೌಟು ಹುಗ್ಗಿ ಹಾಕಿ, ಮೇಲೆ ತುಪ್ಪ ಬಿಟ್ಟಳು. ನಾನೂ ತಾಟು ಮುಂದೆ ಹಿಡಿದೆ.