ಸುತಳಿಯ ಹದಿನಾಲ್ಕು ಗಂಟು

ಬ್ರಹ್ಮಪುರದ ಮುಕ್ತಾಬಾಯಿಗೆ ಓದುಬರಹ ಅಷ್ಟಕ್ಕಷ್ಟೇ. ಸಹಿ ಮಾಡಲು ಬರುತ್ತಿತ್ತು, ಪಂಚಾಂಗದಲ್ಲಿ ಏಕಾದಶಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಬರುತ್ತಿತ್ತು. ಆದರೆ ಅಳತೆಯಲ್ಲಿ ಆಕೆಯನ್ನು ಮೀರಿಸುವವರು ಇಡೀ ಓಣಿಯಲ್ಲಿ ಇರಲಿಲ್ಲ. ಹಾಗೆಂದು ಆಕೆಯೇ ಹೇಳಿಕೊಳ್ಳುತ್ತಿದ್ದಳು. ಬೇರೆ ಯಾರೂ ಹೇಳಿದ್ದು ನೆನಪಿಲ್ಲ.

ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷ ಆಕೆ ಒಂದು ದಿನವೂ ಊರು ಬಿಟ್ಟು ಹೊರಗೆ ಉಳಿದಿರಲಿಲ್ಲ. ಮಡಿಯುಟ್ಟು ತಾನೇ ಬೇಯಿಸಿದ್ದನ್ನು ಬಿಟ್ಟು ಬೇರೆಯವರ ಕೈಯ ಅನ್ನ ಮುಟ್ಟುತ್ತಿರಲಿಲ್ಲ. ಒಲೆ ಇದ್ದಲ್ಲಿ ಆಕೆ, ಆಕೆ ಇದ್ದಲ್ಲಿ ಒಲೆ. ಸಾಯುವ ಮುಂಚೆ ಉಡುಪಿಯ ಕೃಷ್ಣನನ್ನು ಒಂದು ಸಲ ಕಣ್ತುಂಬ ನೋಡಬೇಕೆಂಬ ಆಸೆ ಮಾತ್ರ ಒಲೆಯ ಮುಂದೆ ಕೂತು ಕೂತು ಹಳತಾಗಿತ್ತು. ಅರವತ್ತಾರು ತುಂಬಿತ್ತು. ಮೊಣಕಾಲು ಮೆಟ್ಟಿಲು ಕಂಡರೆ ತಕರಾರು ತೆಗೆಯುತ್ತಿತ್ತು. ಈ ವರ್ಷ ಇಲ್ಲವೆಂದರೆ ಇನ್ನು ಇಲ್ಲವೇ ಇಲ್ಲ ಎಂದು ಆಕೆಗೂ ಗೊತ್ತಿತ್ತು.

೧೯೮೮ರ ಚಳಿಗಾಲದಲ್ಲಿ ಮಗ ಗುರುರಾಜನಿಗೆ ಕಚೇರಿಯಿಂದ ಹದಿನೈದು ದಿನದ ರಜೆ ಸಿಕ್ಕಿತು.

"ಅವ್ವಾ, ಒಂದು ಗಾಡಿ ಬಾಡಿಗಿ ಹಿಡಿಯೋಣು. ಒಲಿ ಗಾಡ್ಯಾಗೇ ಇಟ್ಟುಕೋ. ಯಾವ ಗಾಡಿ ಬೇಕು, ನೀನೇ ಆರಿಸು," ಎಂದ.

ಅದೇ ಅವನು ಮಾಡಿದ ತಪ್ಪು. ಮುಕ್ತಾಬಾಯಿ ಒಂದು ಉಂಡೆ ಸುತಳಿ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಸೀಮೆಎಣ್ಣೆ ಒಲೆಯ ಅಗಲಕ್ಕೆ ಒಂದು ಗಂಟು, ತಾಮ್ರದ ಹಂಡೆಗೆ ಒಂದು, ಅಕ್ಕಿ ಡಬ್ಬಿಗೆ, ಬೇಳೆ ಡಬ್ಬಿಗೆ, ಉಪ್ಪಿನಕಾಯಿ ಭರಣಿಗೆ, ದೇವರ ಪೆಟ್ಟಿಗೆಗೆ ಒಂದೊಂದು. ಹೀಗೆ ಹದಿನಾಲ್ಕು ಗಂಟಾದವು. ಆ ಸುತಳಿಯ ಉದ್ದ ಯಾವ ಗಾಡಿಯೊಳಗೆ ಸಾಲಾಗಿ ಹಿಡಿಸುತ್ತದೋ ಅದೇ ತಮ್ಮ ಗಾಡಿ.

ಸೊಸೆ ಸರಸ್ವತೀಬಾಯಿ ಮೆಲ್ಲಗೆ ಕೇಳಿದಳು: "ಅತ್ಯಾ, ನಾವು ಆರು ಮಂದಿ ಇದ್ದೇವ್ರಿ. ನಮಗೊಂದು ಗಂಟು?"

"ಮನಷ್ಯಾರಿಗ್ಯಾಕ ಗಂಟು? ಮನಷ್ಯಾರು ಮುದುಡ್ತಾರ. ಹಂಡೆ ಮುದುಡ್ತದೇನು?"

ಸೂಪರ್ ಮಾರ್ಕೆಟ್ಟಿನ ಹತ್ತಿರ ಬಂಡು ಎಂಬವನ ಮೆಟಡೋರ್ ನಿಲ್ಲುತ್ತಿತ್ತು. ಮೆತ್ತನೆಯ ಸೀಟು, ಗಾಜಿನ ಕಿಟಕಿ. ಮುಕ್ತಾಬಾಯಿ ಹತ್ತಿ ಸುತಳಿ ಹಾಸಿದಳು. ಆರನೆಯ ಗಂಟಿಗೇ ಗಾಡಿ ಮುಗಿಯಿತು.

"ನಡೀರಿ," ಎಂದಳು.

"ಬಾಯಾರ, ಜರಾ ಕೂತಾದ್ರೂ ನೋಡ್ರಿ," ಎಂದು ಬಂಡು ಅಂಗಲಾಚಿದ.

"ನಾ ಕೂಡಲಿಕ್ಕೆ ಬಂದಿಲ್ಲಪ್ಪಾ, ಅಳೀಲಿಕ್ಕೆ ಬಂದೀನಿ."

ಕಮಲಾಪುರದ ನಬಿಸಾಬನ ಹತ್ತಿರ ಒಂದು ಹಳೇ ಬಸ್ಸಿತ್ತು. ಯಾವುದೋ ನಾಟಕ ಕಂಪನಿಯವರು ಎಂಟು ವರ್ಷ ಅದರಲ್ಲೇ ಅಡುಗೆ ಮಾಡಿ, ಉಂಡು, ಮಲಗಿ, ಊರೂರು ಅಲೆದು, ಕೊನೆಗೆ ಕಂಪನಿ ಮುಚ್ಚಿ ಅವನಿಗೆ ಮಾರಿದ್ದರು. ಹಿಂದಿನ ಸೀಟು ಕಿತ್ತು ಹಲಗೆ ಬಡಿದಿದ್ದರು. ನಡುವೆ ಒಂದು ಪರದೆ, ಅದರ ಮೇಲೆ ಅರ್ಧ ಅರಮನೆಯ ಚಿತ್ರ. ಸುತಳಿ ಹದಿನಾಲ್ಕೂ ಗಂಟು ಚಾಚಿ ಮಲಗಿತು, ಮೇಲೆ ಒಂದು ಗೇಣು ಜಾಗ ಉಳಿಯಿತು. ಮುಕ್ತಾಬಾಯಿಯ ಮುಖ ಊರಗಲವಾಯಿತು.

"ಗಾಡಿ ಓಡ್ತದೇನೋ ಕೇಳವ್ವಾ," ಎಂದ ಗುರುರಾಜ.

"ಓಡದೇ ಇಲ್ಲಿ ತನಕಾ ಹ್ಯಾಂಗ ಬಂತು?" ಎಂದಳು ಆಕೆ. ನಬಿಸಾಬ ಮೀಸೆಯಲ್ಲೇ ನಕ್ಕ.

ಆದರೂ ಪರೀಕ್ಷೆ ಮಾಡದೆ ಒಪ್ಪುವ ಹೆಂಗಸಲ್ಲ ಆಕೆ. ಪರೀಕ್ಷೆಗೆ ಆರಿಸಿದ್ದು ದ್ವಾದಶಿಯ ಬೆಳಿಗ್ಗೆ. ಹಿಂದಿನ ದಿನವೆಲ್ಲ ಏಕಾದಶಿಯ ಉಪವಾಸ. ಮರುದಿನ ಎಂಟೂವರೆಯೊಳಗೆ ಪಾರಣೆ ಮಾಡಿ ಬಾಯಿಗೆ ಅನ್ನ ಇಡಬೇಕು. ಅಷ್ಟು ಕಟ್ಟುನಿಟ್ಟಿನ ದಿನ ಪಾಸಾದ ಗಾಡಿ ಉಡುಪಿಗೇನು, ವೈಕುಂಠಕ್ಕೂ ಹೋಗುತ್ತದೆ ಎಂಬುದು ಆಕೆಯ ಲೆಕ್ಕ. ಏಕಾದಶಿಯ ಸಂಜೆ ಬಸ್ಸು ಮನೆ ಮುಂದೆ ಬಂದು ನಿಂತಿತು. ಮುಕ್ತಾಬಾಯಿ ಪರದೆಯ ಹಿಂದಿನ ಹಲಗೆಯ ನೆಲವನ್ನು ಸೆಗಣಿಯಿಂದ ಸಾರಿಸಿದಳು, ರಂಗೋಲಿ ಎಳೆದಳು, ಹಂಡೆಯ ಕಂಠದವರೆಗೆ ನೀರು ತುಂಬಿಸಿದಳು. ಎರಡು ಡ್ರಮ್ಮು ಬೇರೆ. ಹದಿನೈದು ದಿನ ಬಾವಿ ಸಿಗದಿದ್ದರೆ?

ಬೆಳಿಗ್ಗೆ ನಿಂತ ಬಸ್ಸಿನಲ್ಲೇ ಅನ್ನ, ಹೆಸರುಬೇಳೆ ಹುಳಿ, ಅಗಸೆ ಸೊಪ್ಪಿನ ಪಲ್ಯ ಆದವು. ಕಮಲಾಪುರದ ಬಾಳೆತೋಟದಲ್ಲಿ ಕೂತು ಉಣ್ಣುವುದೆಂದು ಎಲ್ಲರೂ ಹೊರಟರು. ಮಗ, ಸೊಸೆ, ಮೂವರು ಮೊಮ್ಮಕ್ಕಳು ಮುಂದಿನ ಎರಡು ಸೀಟಿನಲ್ಲಿ ಹೇಳಿದ ಹಾಗೆಯೇ ಮುದುಡಿ ಕೂತಿದ್ದರು. ಮುಕ್ತಾಬಾಯಿ ಪರದೆಯ ಹಿಂದೆ, ಅರ್ಧ ಅರಮನೆಯ ರಾಣಿಯಂತೆ, ಹಂಡೆ ತಬ್ಬಿಕೊಂಡು ಕೂತಿದ್ದಳು.

ಕಮಲಾಪುರ ಇನ್ನೊಂದು ಕೂಗಳತೆ ಇದೆ ಎನ್ನುವಾಗ ಏರು ಬಂತು. ಬಸ್ಸು ಕೆಮ್ಮಿತು, ನಿಂತಿತು.

"ಎಲ್ಲಾರೂ ಇಳೀರಿ, ಒಂದು ಧಕ್ಕಾ ಹಾಕ್ರಿ," ಎಂದ ನಬಿಸಾಬ. ಐದೂ ಮಂದಿ ಇಳಿದು ನೂಕಿದರು. ಬಸ್ಸು ಅಲುಗಲಿಲ್ಲ. ಅವನು ಹಿಂದೆ ಬಂದು ಕಿಟಕಿಯಲ್ಲಿ ಇಣುಕಿದ. "ಬಾಯಾರ, ಇಷ್ಟು ನೀರು ಯಾಕ್ರಿ? ಕೆರೀನೇ ಹೊತ್ತು ತಂದೀರಲ್ಲ! ಚೆಲ್ಲಲೇನು?"

"ಮಡಿ ನೀರದು, ಮುಟ್ಟಬ್ಯಾಡ!"

"ಹಂಗಿದ್ರ ನೀವಾದ್ರೂ ಇಳೀರಿ."

"ಎಂಟು ದಾಟಿ ಹತ್ತು ನಿಮಿಷ ಆತವ್ವಾ," ಎಂದು ಗುರುರಾಜ ಗಡಿಯಾರ ತೋರಿಸಿದ. ದ್ವಾದಶಿ ಯಾರಿಗೂ ಕಾಯುವುದಿಲ್ಲ. ಮುಕ್ತಾಬಾಯಿ ಇಳಿದಳು. ಬಾಳೆಹಣ್ಣಿನ ಬುಟ್ಟಿ ಹೊತ್ತು ಬರುತ್ತಿದ್ದ ಗುಂಡಮ್ಮ ಎಂಬವಳು ಬುಟ್ಟಿ ಇಳಿಸಿ, ಕೇಳದೆಯೇ ಆಕೆಯ ಪಕ್ಕಕ್ಕೆ ಭುಜ ಕೊಟ್ಟಳು.

"ನೂಕಬೇ ಯಕ್ಕಾ, ಹಂಗ ಬೆರಳ ತುದೀಲೆ ಮುಟ್ಟಿದ್ರ ಬಸ್ಸಿಗಿ ಕಚಗುಳಿ ಆಗತದ!"

ಒಂಬತ್ತು ವರ್ಷ ಕಾಪಾಡಿದ ಮಡಿ ಅಲ್ಲಿಗೆ ಮುಗಿಯಿತು. ಮುಗಿದ ಮೇಲೆ ಇನ್ನೇನು ಎಂದು ಮುಕ್ತಾಬಾಯಿ ಬೆನ್ನು ಕೊಟ್ಟು ನೂಕಿದಳು. ಬಸ್ಸು ಒಮ್ಮೆಲೆ ಜಿಗಿದು ಮುಂದೆ ಹೋಯಿತು. ಒಳಗೆ ಹಂಡೆ ಹಿಂದಕ್ಕೆ ಬಿತ್ತು. ನೀರು, ಹುಳಿ, ಪಲ್ಯ, ಸೆಗಣಿ, ರಂಗೋಲಿ ಎಲ್ಲ ಒಂದೇ ಹಸಿರು ಹೊಳೆಯಾಗಿ ಹಿಂದಿನ ಬಾಗಿಲಿಂದ ಇಳಿದು, ಅಳತೆ ಹಿಡಿದಂತೆ ಆಕೆಯ ಪಾದದ ಮೇಲೇ ಬಿತ್ತು.

ಮೊದಲು ನಕ್ಕವಳು ಆಕೆಯೇ.

ಗುಂಡಮ್ಮ ಬುಟ್ಟಿಯಿಂದ ಕೆಂಪು ಬಾಳೆಹಣ್ಣು ಎತ್ತಿ, ಕೊಡಲೋ ಬೇಡವೋ ಎಂದು ಅನುಮಾನಿಸಿದಳು. "ನಮ್ಮ ಕೈಯಿಂದು ನಡೀತದೇನ್ರಿ?"

"ಹಣ್ಣಿಗಿ ಮೈಲಿಗಿ ಇಲ್ಲವ್ವಾ," ಎಂದಳು ಮುಕ್ತಾಬಾಯಿ. ಹೇಳಿ ಮುಗಿಸುವಾಗ ತನ್ನ ಮಾತು ತನಗೇ ಕೇಳಿಸಿತು. ಹುಟ್ಟಿದಾಗಿಂದ ಗೊತ್ತಿದ್ದ ಶಾಸ್ತ್ರ ಅದು. ಒಂಬತ್ತು ವರ್ಷ ಹಂಡೆಯ ಕಾವಲಿಗೆ ಕೂತವಳಿಗೆ ನೆನಪೇ ಆಗಿರಲಿಲ್ಲ. ದೇವರ ಪೆಟ್ಟಿಗೆಯಲ್ಲಿ ಉಳಿದಿದ್ದ ತುಳಸಿ ನೀರು ಬಾಯಿಗೆ ಹಾಕಿಕೊಂಡು, ಎಂಟೂವರೆಗೆ ನಾಲ್ಕು ನಿಮಿಷ ಇರುವಾಗ, ರಸ್ತೆಯ ಬದಿಯಲ್ಲಿ ಹಣ್ಣಿನಿಂದ ಪಾರಣೆ ಮಾಡಿದಳು.

"ಹಂಗಾದ್ರ ಬಸ್ಸು ಪಕ್ಕಾನಾ, ಬಾಯಾರ?" ಎಂದ ನಬಿಸಾಬ.

"ನಿನ್ನ ಬಸ್ಸು ಭೇಷ್ ಅದಪ್ಪಾ, ನನ್ನ ಹಂಡೆಗಿ. ಆದ್ರ ಉಡುಪಿಗಿ ಹೋಗೋದು ಹಂಡೆ ಅಲ್ಲ."

ಮನೆಗೆ ಬಂದು ಮಿಂದು ಮಡಿಯುಟ್ಟು ಕೂತು, ಸುತಳಿಯ ಗಂಟು ಬಿಚ್ಚತೊಡಗಿದಳು. ಕಟ್ಟುವುದಕ್ಕಿಂತ ಬಿಚ್ಚುವುದಕ್ಕೆ ಹೊತ್ತು ಹಿಡಿಯಿತು. ದಾರಿಯಲ್ಲಿ ಹಣ್ಣು, ಹಾಲು; ಬಾವಿ ಕಂಡ ಊರಲ್ಲಿ ಇಳಿದು, ಮಿಂದು, ಮರದ ಕೆಳಗೆ ದಿನಕ್ಕೊಂದು ಸಲ ಅಡುಗೆ. ಅಷ್ಟಕ್ಕೆ ಬೇಕಾದದ್ದು ಮೂರೇ: ಒಲೆ, ಒಂದು ಪಾತ್ರೆ, ದೇವರ ಪೆಟ್ಟಿಗೆ.

ಹೊರಡುವ ದಿನ ಬಂಡುವಿನ ಮೆಟಡೋರ್ ಬಾಗಿಲಿಗೆ ಬಂತು. ಮುಕ್ತಾಬಾಯಿ ಈ ಸಲ ಮೊದಲು ಸೀಟಿನಲ್ಲಿ ಕೂತು ನೋಡಿದಳು. ಮೆತ್ತಗಿತ್ತು.

"ಇವತ್ತು ಅಳಿಯೂದಿಲ್ಲೇನ್ರಿ?" ಎಂದು ಬಂಡು ಚುಚ್ಚಿದ.

ಉಳಿದ ಸುತಳಿಯಿಂದ ಆಕೆ ಗುಂಡಮ್ಮ ಕಳಿಸಿದ ಬಾಳೆಗೊನೆಯನ್ನು ಸೀಟಿನ ಮೇಲಿನ ಕಂಬಿಗೆ ತಾನೇ ಕಟ್ಟಿದಳು. ಎಲ್ಲರ ಕೈಗೆ ನಿಲುಕುವಷ್ಟು ಕೆಳಗೆ, ಯಾರಿಗೂ ತಾಗದಷ್ಟು ಮೇಲೆ, ಗೇಣು ಹಾಕಿ ಅಳೆದು. ಗಾಡಿ ನಿಂತಾಗ ಅಳತೆ ಸರಿಯಾಗಿಯೇ ಇತ್ತು. ಊರು ದಾಟಿ ಮೊದಲ ತಗ್ಗು ಬಂದಾಗ ಗೊನೆ ತೂಗಿ ಬಂದು ಆಕೆಯ ನೆತ್ತಿಗೇ ಬಡಿಯಿತು. ಎರಡನೆಯ ತಗ್ಗಿಗೂ.

"ಅತ್ಯಾ, ಬಿಚ್ಚಿ ಬ್ಯಾರೆ ಕಡಿ ಕಟ್ಟಲೇನ್ರಿ?" ಎಂದಳು ಸೊಸೆ.

"ಇರಲಿ ಬಿಡು," ಎಂದಳು ಮುಕ್ತಾಬಾಯಿ, ನೆತ್ತಿ ಸವರಿಕೊಂಡು. "ಅಳತಿ ನನ್ನದೇ ಅಲ್ಲೇನು."