ಅಚ್ಚೇರಿನೊಳಗೆ ಎಷ್ಟು ಪಾವು

ಮೇಷ್ಟ್ರುಗಳ ನಿಜವಾದ ಸ್ವಭಾವ ತಿಳಿಯಬೇಕಾದರೆ ಅವರನ್ನು ಕುರ್ಚಿಯಿಂದ ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿ ನೋಡಬೇಕು. ಊರಿನಲ್ಲಿ ಒಮ್ಮೆ ಕೆಮ್ಮಿದರೆ ಹುಡುಗರು ನಡುಗುವಂಥ ಮಹನೀಯರು, ಬೆಂಚಿಗೆ ಬಂದು ವಾರ ಕಳೆಯುವುದರೊಳಗೆ ಪಕ್ಕದವರ ಲೆಕ್ಕ ಇಣುಕುತ್ತಾರೆ, ಪಾಠದ ನಡುವೆ ಕಡಲೆಕಾಯಿ ಸುಲಿಯುತ್ತಾರೆ. ನಾನೂ ಸುಲಿದವನೇ. ಸಿಪ್ಪೆಯನ್ನು ಮುಂದಿನವರ ಕೋಟಿನ ಜೇಬಿಗೆ ಇಳಿಸುವ ವಿದ್ಯೆ ಮಾತ್ರ ನನಗೆ ಕೊನೆಯವರೆಗೂ ಕೈಹತ್ತಲಿಲ್ಲ.

ಮಹಾರಾಜರ ಕಾಲದ ಮಾತು. ನಮ್ಮ ಕಡೆಯ ನಾಲ್ಕು ತಾಲ್ಲೂಕುಗಳ ಮೇಷ್ಟ್ರುಗಳನ್ನು ಸೇರಿಸಿ, ಲೆಕ್ಕ ಹೇಳಿಕೊಡುವುದು ಹೇಗೆಂದು ಕಲಿಸಲು ಹುಣಸೂರಿನಲ್ಲಿ ತರಬೇತಿ ಇಟ್ಟಿದ್ದರು. ನಾನು ರಾವಂದೂರಿನ ಪ್ರೈಮರಿ ಶಾಲೆಯವನು. ನಮ್ಮ ಶಾಲೆಗೆ ಮಿಡ್ಲ್‌ಸ್ಕೂಲ್ ತರಗತಿ ಬರುವುದಿತ್ತು. ತರಬೇತಿಯಲ್ಲಿ ಪಾಸಾದರೆ ಅಲ್ಲಿ ಲೆಕ್ಕದ ಮೇಷ್ಟ್ರು ನಾನು. ಇಲ್ಲವಾದರೆ ಹೊರಗಿನಿಂದ ಯಾರೋ ಬರುತ್ತಾರೆ. ಕೈಹಿಡಿದು ಅಕ್ಷರ ತಿದ್ದಿಸಿದ ಮಕ್ಕಳನ್ನು ಆ ಯಾರಿಗೋ ಒಪ್ಪಿಸಿ ಪಕ್ಕದ ಕೋಣೆಯಲ್ಲಿ ಕೂತು ಅವರ ಗದ್ದಲ ಕೇಳುವುದನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಇದರ ಮೇಲೆ, ಹೊರಟ ದಿನ ಪಟೇಲರ ಜಗಲಿಯಿಂದ ಬಂದ ಮಾತು ಬೇರೆ: "ನಮ್ ಮೇಷ್ಟ್ರಿಗೇ ಲೆಕ್ಕ ಬರಾಕಿಲ್ವಂತೆ ಕಣ್ಲಾ! ಕಲಿಯಾಕೆ ಉಣಸೂರ್‌ಗೆ ಓಯ್ತಾವ್ರೆ!"

ಲೆಕ್ಕ ಬರುವುದಿಲ್ಲವೆಂದರೆ ನನ್ನ ಅಜ್ಜನಿಗೇ ಅವಮಾನ. ಅವರು ಮರಳಿನ ಮೇಲೆ ನನ್ನ ಬೆರಳು ಓಡಿಸಿ ಮಗ್ಗಿ ಕಲಿಸಿದವರು. ಈಗಿನವರು ಭಿನ್ನರಾಶಿಯೆಂದರೆ ಬೆವರುತ್ತಾರೆ; ಹಿಂದಿನವರು ಅದಕ್ಕೆ ಮನೆಮಕ್ಕಳ ಹಾಗೆ ಹೆಸರಿಟ್ಟಿದ್ದರು: ಕಾಲು, ಅರೆ, ಮುಕ್ಕಾಲು. ಒಂದರ ಹದಿನಾರನೆಯ ಪಾಲಿಗೂ ವೀಸ ಎಂಬ ಮುದ್ದಾದ ಹೆಸರು. ಕಾಲನ್ನು ಕಾಲಿನಿಂದ ಗುಣಿಸಿದರೆ ವೀಸ ಎಂದು ನಾನು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ಆದರೆ ಆ ಪುಣ್ಯಾತ್ಮರು ಗುಣಿಸುವುದಕ್ಕೆ ಮಗ್ಗಿ ಕೊಟ್ಟರೇ ಹೊರತು, ಕಾಲಿನಿಂದ ಭಾಗಿಸುವುದಕ್ಕೆ ಏನೂ ಬಿಟ್ಟುಹೋಗಲಿಲ್ಲ.

ತರಬೇತಿಯ ಪರೀಕ್ಷೆ ಎಂದರೆ ಟೀಕಾ ಪಾಠ. ಒಬ್ಬರು ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು. ಉಳಿದ ಮೇಷ್ಟ್ರುಗಳೆಲ್ಲ ಹಿಂದೆ ಸಾಲಾಗಿ ಕೂತು ತಪ್ಪು ಬರೆದುಕೊಳ್ಳಬೇಕು. ಪಾಠದ ನಡುವೆ ತುಟಿ ಬಿಚ್ಚುವಂತಿಲ್ಲ. ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ಒಪ್ಪಿಸಬೇಕು. ಜನ್ಮವೆಲ್ಲ ತಪ್ಪು ಹುಡುಕಿಯೇ ಅನ್ನ ತಿಂದವರ ಕೈಗೆ ಇಂಥ ಅವಕಾಶ ಸಿಕ್ಕರೆ ಕೇಳಬೇಕೆ! ಒಬ್ಬರ ಸೀಮೆಸುಣ್ಣ ಕಿರ್ರೆಂದಿತು; ಇನ್ನೊಬ್ಬರು ಬೋರ್ಡಿನ ಜೊತೆ ಮಾತಾಡಿದರು. ಈ ಬೇಟೆಯಲ್ಲಿ ಹುಣಸೂರಿನವರೇ ಆದ ರಹೀಮ್ ಸಾಹೇಬರದು ಎತ್ತಿದ ಕೈ. ಅವರು ನನ್ನ ಬೆಂಚಿನ ಜೊತೆಗಾರರು, ಕಡಲೆಕಾಯಿಯ ಪಾಲುದಾರರು.

ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ಭಿನ್ನರಾಶಿಯ ಭಾಗಾಕಾರ. ಪಾಠಕ್ಕೆ ಉಪಕರಣವಿಲ್ಲದಿದ್ದರೆ ಅಂಕ ಹೋಗುತ್ತದೆಂದು ಕಾಳು ಅಳೆಯುವ ಒಂದು ಅಚ್ಚೇರು, ಒಂದು ಪಾವು, ಒಂದು ಚೀಲ ರಾಗಿ ತಂದು ಮೇಜಿನ ಮೇಲೆ ಅಲಂಕಾರಕ್ಕೆ ಜೋಡಿಸಿದೆ. ಅವುಗಳಿಂದ ಏನು ಮಾಡಬೇಕೆಂದು ನನಗೇ ಗೊತ್ತಿರಲಿಲ್ಲ. ಅರ್ಧವನ್ನು ಕಾಲಿನಿಂದ ಭಾಗಿಸಬೇಕು ಎಂದು ಬೋರ್ಡಿನ ಮೇಲೆ ಬರೆದೆ, ಎರಡನೆಯದನ್ನು ತಲೆಕೆಳಗು ಮಾಡಿದೆ, ಗುಣಿಸಿದೆ. "ಎರಡು ಸಾ!" ಎಂದು ಮಕ್ಕಳು ಕೂಗಿದರು. ಮುಚ್ಚುಕೋಟಿನ ಪರೀಕ್ಷಕರು ತಲೆಯಾಡಿಸಿದರು. ದಡ ಮುಟ್ಟಿದೆನೆಂದುಕೊಂಡೆ.

ಆಗ ಹಿಂದಿನ ಸಾಲಿನಲ್ಲಿ ರಹೀಮ್ ಸಾಹೇಬರು ಎದ್ದು ನಿಂತರು!

"ಅಲ್ರೀ ಶಿವಣ್ಣೋರೇ, ಪಾಲು ಮಾಡಿದ್ರೆ ಕಮ್ಮಿ ಆಗ್ಬೇಕು ಕಣ್ರೀ. ಇದ್ದಿದ್ದೇ ಅರ್ಧ. ಎರಡು ಎಲ್ಲಿಂದ ಬಂತು?"

ನಿಯಮ ಮುರಿದವರು ಅವರು, ಮುಳುಗುವವನು ನಾನು. ಮಕ್ಕಳು ನನ್ನ ಮುಖ ನೋಡಿದರು, ಪರೀಕ್ಷಕರೂ ನೋಡಿದರು. ನಾನು ಯಾರ ಮುಖವನ್ನೂ ನೋಡಲಾರದೆ ಮೇಜನ್ನು ನೋಡಿದೆ. ಅಲ್ಲಿ ಅಚ್ಚೇರು ಕೂತಿತ್ತು. ಅಚ್ಚೇರೆಂದರೆ ಅರ್ಧ ಸೇರು. ಪಕ್ಕದಲ್ಲಿ ಪಾವು, ಅಂದರೆ ಕಾಲು ಸೇರು. ಎದೆಯೊಳಗೆ ಏನೋ ಝಗ್ಗೆಂದಿತು.

"ಇಲ್ಲಿ ಪಾಲು ಮಾಡ್ತಾ ಇಲ್ಲ ಸಾಹೇಬ್ರೇ, ಅಳೀತಾ ಇದೀವಿ!" ಎಂದು ಅಚ್ಚೇರಿನ ತುಂಬ ರಾಗಿ ತುಂಬಿ, ಪಾವಿಗೆ ಸುರಿದೆ, ಬರಿದು ಮಾಡಿದೆ, ಮತ್ತೆ ಸುರಿದೆ. "ಅರ್ಧದೊಳಗೆ ಕಾಲು ಎಷ್ಟು ಸಲ ಇದೆ?"

ಈ ಸಲ ಮಕ್ಕಳಿಗಿಂತ ಮೊದಲು ಮೇಷ್ಟ್ರುಗಳೇ ಕೂಗಿದರು: "ಎರಡು!"

ಧೈರ್ಯ ತಲೆಗೇರಿತು. ಹಾಗಾದರೆ ಪಾವಿನೊಳಗೆ ಅಚ್ಚೇರು ಎಷ್ಟು ಸಲ ಎಂದು ಕೇಳಿಯೇಬಿಟ್ಟೆ. "ಸೊನ್ನೆ!" ಎಂದರು ಹೆಗ್ಗಡದೇವನಕೋಟೆಯ ಮೇಷ್ಟ್ರು. "ಸೊನ್ನೆ ಯಾಕಾಯ್ತದೆ ಬುಡಿ ಸ್ವಾಮಿ, ಅರ್ಧ ಅಚ್ಚೇರು ತುಂಬ್ತದಲ್ಲ!" ಎಂದರು ಪಿರಿಯಾಪಟ್ಟಣದವರು. ಮಾತಿಗೆ ಮಾತು ಬೆಳೆಯಿತು. ಮಕ್ಕಳು ಕಣ್ಣರಳಿಸಿ ಕೂತರು: ಮೇಷ್ಟ್ರುಗಳೇ ಹೀಗೆ ಕಿತ್ತಾಡುವುದನ್ನು ಅವರು ಕಂಡಿರಲಿಲ್ಲ. ಕೊನೆಗೆ ಪರೀಕ್ಷಕರು ತಡೆಯಲಾರದೆ ಎದ್ದು ಬಂದು, "ಕೊಡಿ ಇಲ್ಲಿ" ಎಂದು ಪಾವನ್ನು ಕಿತ್ತುಕೊಂಡು ತಾವೇ ಅಚ್ಚೇರಿಗೆ ಸುರಿದು, ಸರಿಯಾಗಿ ಅರ್ಧಕ್ಕೆ ನಿಂತ ರಾಗಿಯನ್ನು ಎಲ್ಲರಿಗೂ ಎತ್ತಿ ತೋರಿಸಿದರು. ಆ ಉತ್ಸಾಹದಲ್ಲಿ ಅರ್ಧಕ್ಕರ್ಧ ನೆಲದ ಪಾಲಾಯಿತು.

ಟೀಕೆಯ ಸಮಯ ಬಂದಾಗ ಯಾರ ಕಾಗದದಲ್ಲೂ ಅಕ್ಷರವಿಲ್ಲ. ಅದೇ ಹೆಗ್ಗಡದೇವನಕೋಟೆಯ ಮೇಷ್ಟ್ರು ಕರ್ತವ್ಯಕ್ಕೆಂದು ಎದ್ದು, "ನೆಲದ ಮೇಲೆ ರಾಗಿ ಚೆಲ್ಲಿರುವುದು ಪಾಠದ ಅಶಿಸ್ತು" ಎಂದು ಶುರುಮಾಡಿ, ಚೆಲ್ಲಿದವರು ಯಾರೆಂದು ನೆನಪಾಗಿ ಹಾಗೇ ಕುಸಿದು ಕೂತರು. ಪರೀಕ್ಷಕರೇ ಮೊದಲು ನಕ್ಕರು. ನಾನು ಪಾಸು. ರಾವಂದೂರಿನ ಮಿಡ್ಲ್‌ಸ್ಕೂಲ್ ತರಗತಿ ನನ್ನದಾಯಿತು.

ಸಂಜೆ ಲಕ್ಷ್ಮಣತೀರ್ಥದ ದಡದಲ್ಲಿ ಸಾಹೇಬರನ್ನು ಹಿಡಿದು ಕೇಳಿದೆ: "ಅಲ್ರೀ, ಮುಳುಗಿಸೇಬಿಡ್ತಿದ್ರಲ್ಲ. ಯಾಕ್ರೀ ಎದ್ರಿ?"

"ತೌಬಾ! ತಪ್ಪು ಹುಡುಕೋಕ್ಕಲ್ಲ ಶಿವಣ್ಣ. ಚಿಕ್ಕಂದಿನಿಂದ ಹೊಟ್ಟೇಲಿ ಇಟ್ಕೊಂಡಿದ್ದ ಪ್ರಶ್ನೆ. ಆಗ ಕೇಳಿದ್ರೆ ಬೆತ್ತ ಬೀಳ್ತಿತ್ತು. ಇವತ್ತು ನಮ್ಮ ದೋಸ್ತು ನಿಂತವ್ನೆ, ಹೊಡೆಯೋದಿಲ್ಲ ಅಂತ ಧೈರ್ಯ ಬಂತು."

ಈಗ ನನ್ನ ತರಗತಿಯಲ್ಲಿ ಯಾರಾದರೂ ಎದ್ದು "ತಿಳೀಲಿಲ್ಲ ಸಾ" ಎಂದರೆ ನಾನು ಆ ಮಗುವಿನ ಕಡೆ ಮೊದಲು ನೋಡುವುದಿಲ್ಲ. ಉಳಿದವರ ಭುಜಗಳನ್ನು ನೋಡುತ್ತೇನೆ. ಅಲ್ಲಿಯವರೆಗೆ ಬಿಗಿಹಿಡಿದು ಕೂತಿದ್ದ ಭುಜಗಳು ಒಂದೊಂದಾಗಿ ಸಡಿಲಾಗುತ್ತವೆ. ಆಮೇಲೆ ಪಾಠ ಶುರುಮಾಡುತ್ತೇನೆ.